ಶಿಶಿರನಿದ್ರೆಯಲ್ಲೂ ಕರಗದ ಸ್ನಾಯು

ಮನೆಯ ಹಿರಿಯರು ಜಾರಿ ಬಿದ್ದು, ತೊಡೆಯ ಮೂಳೆ ಮುರಿದು, ತಿಂಗಳೊಪ್ಪತ್ತು ಹಾಸಿಗೆ ಹಿಡಿದರೆಂದರೆ, ಮೂಳೆ ಕೂಡಿಕೊಂಡ ಮೇಲೂ ಎದ್ದು ನಡೆಯಲಾರದೆ ಹೋಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಶಕ್ತಿ ಬರಲೆಂದು ಹಾಲು, ತುಪ್ಪ, ಹಣ್ಣು ಕೊಡುತ್ತೇವೆ. ಕರಗಿದ ಸ್ನಾಯು ಮಾತ್ರ ಸುಲಭವಾಗಿ ಮರಳದು. ೨೦೦೭ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಆರೋಗ್ಯವಂತರಾದ ವೃದ್ಧರನ್ನೇ ಕೇವಲ ೧೦ ದಿನ ಮಲಗಿಸಿದಾಗ ಅವರ ಕಾಲುಗಳಲ್ಲಿ ಸುಮಾರು ಒಂದು ಕಿಲೋಗ್ರಾಂ ಕೊಬ್ಬುರಹಿತ ಮಾಂಸ ಇಳಿದುಹೋಗಿತ್ತು.

ಇನ್ನು ಉತ್ತರ ಅಮೆರಿಕದ ಕಪ್ಪು ಕರಡಿಯನ್ನು ನೋಡೋಣ. ಚಳಿಗಾಲದ ಐದಾರು ತಿಂಗಳು ಗುಹೆಯಲ್ಲಿ ಮುದುಡಿ ಮಲಗುವ ಅದು ಉಣ್ಣದು, ನೀರು ಕುಡಿಯದು, ಮಲಮೂತ್ರ ವಿಸರ್ಜಿಸದು. (ನಮ್ಮ ದರೋಜಿಯ ಕರಡಿಗಳಿಗೆ ಈ ನಿದ್ರೆಯಿಲ್ಲ, ಗೆದ್ದಲು, ಹಣ್ಣು, ಜೇನು ಅರಸುತ್ತ ಅವು ವರ್ಷವಿಡೀ ಅಲೆಯುತ್ತವೆ.) ೨೦೦೧ರಲ್ಲಿ ವಿಜ್ಞಾನಿಗಳು ಅಳೆದು ತಿಳಿಸಿದಂತೆ, ೧೩೦ ದಿನಗಳಲ್ಲಿ ಅದು ಕಳೆದುಕೊಂಡ ಬಲ ಶೇಕಡಾ ೨೩ಕ್ಕಿಂತ ಕಡಿಮೆ. ಹೊತ್ತು ಹೊತ್ತಿಗೆ ಉಣ್ಣುತ್ತ ೯೦ ದಿನ ಮಲಗಿದ ಮನುಷ್ಯನಾದರೋ ಕಾಲಿನ ಬಲದಲ್ಲಿ ಅರ್ಧಕ್ಕೂ ಹೆಚ್ಚನ್ನು ಕಳೆದುಕೊಳ್ಳುತ್ತಾನೆ.

ಇದರ ಗುಟ್ಟೇನು? ದೇಹದ ಪ್ರೋಟೀನು ನಿತ್ಯವೂ ಸವೆಯುತ್ತದೆ. ಸವೆದುದರಲ್ಲಿನ ಸಾರಜನಕವನ್ನು ಯಕೃತ್ತು ಯೂರಿಯಾ ಮಾಡುತ್ತದೆ, ಮೂತ್ರಪಿಂಡಗಳು ಹೊರಹಾಕುತ್ತವೆ. ಉಣ್ಣದ ಪ್ರಾಣಿಗೆ ಇದು ದೊಡ್ಡ ನಷ್ಟ. ಅಮೆರಿಕದ ಹುಲ್ಲುಗಾವಲುಗಳಲ್ಲಿ ಬಿಲ ತೋಡಿ ಬಾಳುವ ಹದಿಮೂರು ಪಟ್ಟೆಗಳ ನೆಲದ ಅಳಿಲು ಈ ನಷ್ಟವನ್ನು ತುಂಬಿಕೊಳ್ಳುವ ಬಗೆಯನ್ನು ಹ್ಯಾನಾ ಕೇರಿ, ಮ್ಯಾಥ್ಯೂ ರೀಗನ್ ಮತ್ತು ಸಂಗಡಿಗರು ೨೦೨೨ರಲ್ಲಿ ಬಯಲಿಗೆ ತಂದರು. ಗುರುತು ಹಚ್ಚಿದ ಯೂರಿಯಾವನ್ನು ಅವರು ಅಳಿಲಿನ ದೇಹಕ್ಕೆ ಸೇರಿಸಿದರು. ಅದು ಕರುಳಿಗಿಳಿಯಿತು, ಅಲ್ಲಿಯ ಸೂಕ್ಷ್ಮಜೀವಿಗಳು ಅದನ್ನು ಒಡೆದವು, ಬಿಡುಗಡೆಯಾದ ಸಾರಜನಕ ಕೊನೆಗೆ ಯಕೃತ್ತಿನ ಹಾಗೂ ಸ್ನಾಯುವಿನ ಪ್ರೋಟೀನಿನಲ್ಲಿ ಕಾಣಿಸಿಕೊಂಡಿತು. ಔಷಧದಿಂದ ಸೂಕ್ಷ್ಮಜೀವಿಗಳನ್ನು ತಗ್ಗಿಸಿದ ಅಳಿಲುಗಳಲ್ಲಿ ಈ ಕಾರ್ಯ ಕುಗ್ಗಿತು. ಯೂರಿಯಾವನ್ನು ಒಡೆಯುವ ಕಿಣ್ವ ಅಳಿಲಿಗೂ ಇಲ್ಲ, ನಮಗೂ ಇಲ್ಲ. ಅದು ಸೂಕ್ಷ್ಮಜೀವಿಗಳ ಸೊತ್ತು. ನಮಗೆ ಬಹಳ ಸೋಜಿಗವೆನಿಸಿದ್ದು ಇನ್ನೊಂದು ಸಂಗತಿ: ಉಪವಾಸ ದೀರ್ಘವಾದಷ್ಟೂ, ಅಂದರೆ ಚಳಿಗಾಲದ ಕೊನೆಗೆ, ಈ ಮರುಬಳಕೆ ಹೆಚ್ಚುತ್ತದೆ.

ರೈತಾಪಿ ಮನೆತನದವರಿಗೆ ಈ ಮಾತು ತೀರ ಹೊಸದಲ್ಲ. ದನದ ಹೊಟ್ಟೆಯ ಸೂಕ್ಷ್ಮಜೀವಿಗಳು ಯೂರಿಯಾದಿಂದ ಪ್ರೋಟೀನು ಮಾಡಬಲ್ಲವಾದ್ದರಿಂದಲೇ ಒಣಹುಲ್ಲಿಗೆ ಅಳತೆಯ ಯೂರಿಯಾ ನೀರು ಚಿಮುಕಿಸಿ ಮೇಯಿಸುವ ಪದ್ಧತಿಯುಂಟು. ಅಳತೆ ಮೀರಿದರೆ ದನ ಸಾಯುತ್ತದೆ. ಮನುಷ್ಯರಿಗಂತೂ ಅದು ತಿನ್ನುವ ವಸ್ತುವೇ ಅಲ್ಲ.

೨೦೨೨ರಲ್ಲಿಯೇ ಜಪಾನಿನ ವಿಜ್ಞಾನಿಗಳು ಮಲಗಿದ ಕರಡಿಯ ರಕ್ತದ್ರವವನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿದ ಮಾನವ ಸ್ನಾಯುಕೋಶಗಳಿಗೆ ಸೇರಿಸಿದಾಗ ಕೋಶಗಳಲ್ಲಿ ಪ್ರೋಟೀನು ಹೆಚ್ಚಿತು. ಪ್ರೋಟೀನನ್ನು ಒಡೆಯುವ ಕ್ರಿಯೆಯೂ ತಗ್ಗಿತ್ತು. ರಕ್ತದ್ರವದ ಯಾವ ಅಂಶದಿಂದ ಹೀಗಾಯಿತೆಂಬುದನ್ನು ಆ ಅಧ್ಯಯನ ಗುರುತಿಸಲಿಲ್ಲ. ಅದು ಔಷಧವಾಗಿ ಕೈಗೆ ಬಂದಿಲ್ಲ. ಆದುದರಿಂದಲೇ ತೊಡೆಮೂಳೆಯ ಶಸ್ತ್ರಚಿಕಿತ್ಸೆಯಾದ ಹಿರಿಯರನ್ನು, ಅವರು ನೋವೆಂದು ಗೊಣಗಿದರೂ, ಸಾಧ್ಯವಾದಲ್ಲಿ ಮರುದಿನವೇ ವೈದ್ಯರು ಎಬ್ಬಿಸಿ ನಿಲ್ಲಿಸುತ್ತಾರೆ.