ಮುಂದೆ ಸೂರ್ಯ, ಹಿಂದೆ ಅಮಾವಾಸ್ಯೆ



೧೯೪೭ರಲ್ಲಿ ಮಹೀಂದ್ರಾ ಕಂಪೆನಿಯವರು ಇದೇ ಮುಂಬಯಿಯಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸತೊಡಗಿದರು. ಆ ವಂಶದ ಹಳೆಯ ಗಾಡಿಗಳಿಗೆ ಇಂದಿಗೂ ಅಭಿಮಾನಿಗಳುಂಟು, ಸಂತೋಷ. ಆದರೆ ಅಭಿಮಾನವೆಲ್ಲ ಮುಂಭಾಗಕ್ಕೇ ಏಕೆ ಮೀಸಲು? ಬಂಪರಿನ ಮೇಲೆ ಕಣ್ಣು ಕುಕ್ಕುವ ನಾಲ್ಕು ದೀಪ. ಹಿಂದೆ ಮಿಣುಕುವ ಒಂದು ಬುರುಡೆ, ಅದೂ ಇದ್ದರೆ! ಹೋಟೆಲಿನ ಹಿತ್ತಲ ಗಲ್ಲಿಗೆ ಗಾಡಿ ಹಿಮ್ಮುಖವಾಗಿ ಬರುವಾಗ “ಬರಲಿ, ಬರಲಿ” ಎಂದು ಕತ್ತಲಲ್ಲಿ ನಿಲ್ಲುವವನು ಯಾರು? ಮಾಲೀಕನಲ್ಲ, ಕ್ಲೀನರ್ ಹುಡುಗ.

ಕೆಲವರು ಕಣ್ಣೊರೆಸಲು ೫೫ ವಾಟಿನ ಎರಡು ಹ್ಯಾಲೊಜನ್ ದೀಪಗಳನ್ನು ಹಳೆಯ ತಂತಿಗೇ ಕಟ್ಟಿಬಿಡುತ್ತಾರೆ. ಇದು ಉಪಕಾರವಲ್ಲ, ಬೆಂಕಿಗೆ ಆಹ್ವಾನ. ೧೨ ವೋಲ್ಟಿನಲ್ಲಿ ೨೧ ವಾಟಿನ ಬುರುಡೆ ಎರಡು ಆಂಪಿಯರನ್ನೂ ಎಳೆಯದು. ಈ ಜೋಡಿ ಒಂಬತ್ತಕ್ಕೂ ಮಿಗಿಲಾಗಿ ಎಳೆಯುತ್ತದೆ. ಹಳೆಯ ಸ್ವಿಚ್ಚು ತಾಳೀತೇ?

ಸರಿಯಾದ ದಾರಿ ಕಷ್ಟದ್ದಲ್ಲ. ಗಾಡಿ ೬ ವೋಲ್ಟಿನದೋ ೧೨ರದೋ ಮೊದಲು ನೋಡಬೇಕು. ಬ್ಯಾಟರಿಯಿಂದ ಬೇರೆ ತಂತಿ, ಅದರ ಬುಡದಲ್ಲೇ ಫ್ಯೂಸು, ನಡುವೆ ರಿಲೇ. ಗೇರುಪೆಟ್ಟಿಗೆಯ ಸ್ವಿಚ್ಚು ರಿಲೇಯನ್ನಷ್ಟೇ ಎಬ್ಬಿಸಲಿ. ಎಲ್.ಇ.ಡಿ. ದೀಪವಾದರೆ ಹೊರೆ ಇನ್ನೂ ಹಗುರ. ದೀಪ ನೆಲದತ್ತ ಬಾಗಿರಲಿ. ರಿವರ್ಸ್ ಗೇರಿನಲ್ಲಿ ಮಾತ್ರ ಉರಿಯಲಿ. ಮುಂದಕ್ಕೆ ಓಡುವಾಗಲೂ ಉರಿದರೆ ಹಿಂದೆ ಬರುವವನ ಕಣ್ಣು ಕುರುಡಾದೀತು.

“ಖರ್ಚು” ಎಂಬ ರಾಗ ಬೇಡ. ಮೆರವಣಿಗೆಗೆ ನಾಲ್ಕು ದೀಪ ಕೊಂಡವರಿಗೆ ಜೀವ ಉಳಿಸಲು ಎರಡು ಭಾರವೇ? ಬಾಂಧವರೇ, ಹಿಂದೆ ಬೆಳಕಿಲ್ಲದ ಗಾಡಿಯ ಹಿಂದೆ ನಾವು ನಿಲ್ಲುವುದಿಲ್ಲವೆಂದು ಒಟ್ಟಾಗಿ ಹೇಳೋಣ.