ಮೂಗು ತಿಕ್ಕೋ ಮಹಾಶಯರಿಗೆ...

ನಮ್ಮ ಮಂಡ್ಯ ಸೀಮೇಲಿ ನಾಯಿಮರಿಗೆ ಬುದ್ಧಿ ಕಲಿಸೋಕೆ ಇರೋದು ಒಂದೇ ಸಿಲಬಸ್ಸು ಕಣ್ರೀ. ಮನೆಯೊಳಗೆ ಉಚ್ಚೆ ಹೊಯ್ದರೆ ಕತ್ತು ಹಿಡಿದು ಅದಕ್ಕೇ ಮೂಗು ತಿಕ್ಕೋದು, ಮೇಲೆ ಎರಡು ಬಿಡೋದು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ... ಎಲ್ಲೇ ಕೇಳಿ, ಉಪದೇಶ ಒಂದೇ: "ಎರಡು ಬಿಟ್ಟು ನೋಡಪ್ಪ, ತಾನಾಗೇ ಕಲೀತದೆ." ಬೆಂಗಳೂರಲ್ಲಿ ನನ್ನ ಜೊತೆ ಕೋಡ್ ಬರೆಯೋರೂ ಇದನ್ನೇ ಹೇಳ್ತಾರೆ, ಇಂಗ್ಲಿಷಲ್ಲಿ ಅಷ್ಟೇ!

ಇದು ಕ್ರೌರ್ಯ ಅನ್ನೋದು ಆಮೇಲಿನ ಮಾತು. ಮೊದಲನೇದಾಗಿ, ಇದು ಕೆಲಸ ಮಾಡಲ್ಲ ಸ್ವಾಮೀ.

ಎರಡು ತಿಂಗಳ ಮರಿಗೆ ಉಚ್ಚೆ ಕಟ್ಟಿಕೊಳ್ಳೋ ಶಕ್ತಿಯೇ ಬಂದಿರಲ್ಲ. ಗಂಟೆ, ಎರಡು ಗಂಟೆಗೊಮ್ಮೆ ಹೋಗಲೇಬೇಕು. ನಮ್ಮ ಮಕ್ಕಳಿಗೆ ಎರಡು ವರ್ಷ ಕಾಯ್ತೀವಿ, ಮರಿಗೆ ಮಾತ್ರ ಎರಡೇ ದಿನ ಗಡುವು. ಹತ್ತು ನಿಮಿಷ ಆದಮೇಲೆ ಹೊಡೆದರೆ ಯಾವ ತಪ್ಪಿಗೆ ಏಟು ಬಿತ್ತು ಅಂತ ಅದಕ್ಕೆ ಗೊತ್ತಾಗಲ್ಲ. ಹೊಯ್ಯುವಾಗಲೇ ಹೊಡೆದರೆ ಕಲಿಯೋದು ಇಷ್ಟೇ: ಈ ಮನುಷ್ಯನ ಎದುರಿಗೆ ಹೊಯ್ಯಬಾರದು. ನಾಳೆಯಿಂದ ಮಂಚದ ಕೆಳಗೆ, ಸೋಫಾ ಹಿಂದೆ. ನೀವು ಹಿತ್ತಲಿಗೆ ಕರ್ಕೊಂಡು ಹೋಗಿ ಅರ್ಧ ಗಂಟೆ ನಿಂತರೂ ಹೊಯ್ಯಲ್ಲ, ನೀವಿದ್ದೀರಲ್ಲ!

"ನಮ್ಮ ತಾತನ ಕಾಲದಲ್ಲಿ ಇವೆಲ್ಲ ಎಲ್ಲಿತ್ತು?" ಅಂತೀರಾ. ಇರಲಿಲ್ಲ, ನಿಜ. ಆಗ ನಾಯಿ ಜಗಲಿ ಮೇಲೆ ಮಲಗ್ತಿತ್ತು, ಊರೆಲ್ಲ ಸುತ್ತುತಿತ್ತು, ಕಟ್ಟಿಕೋ ಅಂತ ಯಾರೂ ಹೇಳ್ತಿರಲಿಲ್ಲ. ಈಗ ಟೈಲ್ಸ್ ಹಾಕಿಸಿದ್ದೀವಿ, ಗೇಟ್ ಹಾಕಿಸಿದ್ದೀವಿ. ಬದಲಾಗಿದ್ದು ಮನೆ, ನಾಯಿ ಅಲ್ಲ. ಹೊಸ ನಿಯಮ ತಂದೋರು ನಾವು, ಹೇಳಿಕೊಡೋ ಕೆಲಸವೂ ನಮ್ಮದೇ.

ಆ ಕೆಲಸ ಏನು ರಾಕೆಟ್ ಸೈನ್ಸ್ ಅಲ್ಲ. ನಿದ್ದೆಯಿಂದ ಎದ್ದ ತಕ್ಷಣ, ಉಂಡ ಮೇಲೆ, ಆಟ ಮುಗಿದ ಮೇಲೆ, ರಾತ್ರಿ ಒಂದೆರಡು ಸಲ ಒಂದೇ ಜಾಗಕ್ಕೆ ಎತ್ಕೊಂಡು ಹೋಗಿ. ಹೊಯ್ದ ಕೂಡಲೇ ಅಲ್ಲೇ ಒಂದು ಚೂರು ತಿಂಡಿ ಕೊಟ್ಟು ಬೆನ್ನು ತಟ್ಟಿ. ಒಳಗೆ ಹೊಯ್ದರೆ ಸುಮ್ಮನೆ ಒರೆಸಿ, ಆ ಜಾಗದ ವಾಸನೆ ಪೂರ್ತಿ ಹೋಗಬೇಕು. ನಮ್ಮ ಮೂಗಿಗೆ ಹೋದರೆ ಸಾಲದು, ಅದರ ಮೂಗಿಗೂ ಹೋಗಬೇಕು. ಲಸಿಕೆ ಪೂರ್ತಿ ಆಗೋವರೆಗೂ ಬೀದಿ ಬೇಡ, ಪಾರ್ವೋ ಬಂದರೆ ಮರಿ ಉಳಿಯೋದು ಕಷ್ಟ. ನಮ್ಮೂರುಗಳಲ್ಲಿ ಹಿತ್ತಲಿದೆಯಲ್ಲ, ಫ್ಲ್ಯಾಟಿನವರಿಗೆ ಆ ಭಾಗ್ಯವೂ ಇಲ್ಲ.

ಇನ್ನೊಂದು ತಮಾಷೆ. ಮರಿ ತಂದ ದಿನವೇ ಬಟ್ಟಲು ತುಂಬ ಹಸುವಿನ ಹಾಲು! ತಾಯಿ ಹಾಲು ಬಿಟ್ಟ ಮರಿಗಳಲ್ಲಿ ಬಹಳಷ್ಟಕ್ಕೆ ಅದು ಅರಗಲ್ಲ, ಭೇದಿ ಆಗುತ್ತೆ. ಭೇದಿ ಮಾಡಿಸಿದೋರೂ ನಾವೇ, ಅದಕ್ಕೆ ಹೊಡೆಯೋರೂ ನಾವೇ. ಅದರಲ್ಲೂ ಕಣ್ಣು ಬಿಟ್ಟ ಮೂರೇ ವಾರಕ್ಕೆ ತಾಯಿಯಿಂದ ಕಿತ್ತು ತಂದಿದ್ದರೆ ಕೇಳೋದೇ ಬೇಡ. ಎಂಟು ವಾರಕ್ಕಿಂತ ಚಿಕ್ಕ ಮರಿ ಮಾರಬಾರದು ಅಂತ 2017ರ ಕೇಂದ್ರದ ನಿಯಮವೇ ಇದೆ.

ಇದರ ಕೊನೆ ಏನು ಗೊತ್ತಾ? "ಈ ನಾಯಿಗೆ ಬುದ್ಧಿ ಬರಲ್ಲ" ಅಂತ ಮೂರನೇ ತಿಂಗಳಿಗೆ ಸರಪಳಿ, ಇಲ್ಲಾ ಗೋಣಿಚೀಲ. ಒಂದು ರಾತ್ರಿ ನಾಲೆ ಏರಿ ಮೇಲೋ ಹೈವೇ ಪಕ್ಕವೋ ಬಿಟ್ಟು ಬರೋದು. ಹೆಣ್ಣು ಮರಿಯಾದರೆ ಇನ್ನೂ ಬೇಗ. ರೇಬೀಸ್ ಲಸಿಕೆ ಹಾಕಿಸೋ ವಯಸ್ಸು ಮೂರು ತಿಂಗಳು. ಅಷ್ಟರಲ್ಲಿ ಅದು ಬೀದಿ ಪಾಲು. ಆಮೇಲೆ ಬೀದಿನಾಯಿ ಕಾಟ ಅಂತ ಪುರಸಭೆಗೆ ಅರ್ಜಿ ಕೊಡೋರೂ ನಾವೇ!

ಇದು ಎಂಥ ನೆಲ ಅಂದ್ಕೊಂಡಿದ್ದೀರಿ? ಮದ್ದೂರು ತಾಲೂಕಿನ ಆತಕೂರಲ್ಲಿ, ಹತ್ತನೇ ಶತಮಾನದಲ್ಲಿ, ಮಣಲೆರ ಅನ್ನೋ ವೀರ ಬಹುಮಾನವಾಗಿ ಕೇಳಿ ಪಡೆದದ್ದು ಕಾಳಿ ಅನ್ನೋ ಬೇಟೆನಾಯಿಯನ್ನ. ಅದು ಕಾಡುಹಂದಿ ಜೊತೆ ಕಾದಾಡಿ ಸತ್ತಾಗ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟರು. ಆ ಕಲ್ಲು ಇವತ್ತೂ ಬೆಂಗಳೂರಿನ ಮ್ಯೂಸಿಯಮ್ಮಲ್ಲಿದೆ. ನಾಗಮಂಗಲ ತಾಲೂಕಿನ ಆದಿಚುಂಚನಗಿರಿಯಲ್ಲಿ ನಾವು ಕೈಮುಗಿಯೋ ಕಾಲಭೈರವನ ವಾಹನವೂ ನಾಯಿಯೇ. ಬೆಟ್ಟದ ಮೇಲೆ ಕೈಮುಗಿದು ಮನೆಗೆ ಬಂದು ಮರಿಗೆ ಮೂಗು ತಿಕ್ಕೋದು ಯಾವ ಸೀಮೆ ಭಕ್ತಿ?

ಎರಡು ಮೂರು ತಿಂಗಳು ನಿದ್ದೆ ಕೆಡಿಸ್ಕೊಳ್ಳೋಕೆ ಆಗಲ್ವಾ? ಮರಿ ತರಬೇಡಿ, ಅಷ್ಟೇ. ತಂದಿರಾ? ಕೋಲು ಕೆಳಗಿಡಿ, ಒರೆಸೋ ಬಟ್ಟೆ ಕೈಗೆ ತಗೊಳ್ಳಿ.

ಏನಂತೀರಾ?