ಇದ್ದಲ್ಲಿ ಇದ್ದ ಹಾಗೆ: ಅಂತರ್ಜಾಲದ ಹರಾಜಿನಲ್ಲಿ ಹಳೆಯ ಬೋಟು

ಮುಂಬಯಿ: ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರ ವರೆಗೆ, ಒಟ್ಟು 61 ದಿನಗಳ ಕಾಲ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಬೋಟುಗಳೆಲ್ಲ ದಕ್ಕೆ ಸೇರಿ ನಿಂತಿರುವ ಈ ಅವಧಿಯಲ್ಲಿ ದುರಸ್ತಿ, ಬಣ್ಣ, ಬಲೆ ಹೆಣೆಯುವ ಕೆಲಸಗಳ ಜೊತೆಗೆ ಹಳೆಯ ಬೋಟುಗಳ ಕೊಳ್ಳುವ ಮಾರುವ ಮಾತುಕತೆಯೂ ನಡೆಯುತ್ತದೆ. ಹಿಂದೆ ಈ ವ್ಯವಹಾರ ಮಲ್ಪೆಯಲ್ಲೋ ಗಂಗೊಳ್ಳಿಯಲ್ಲೋ ಬೋಟನ್ನು ಎದುರಿಗಿಟ್ಟುಕೊಂಡೇ ಮುಗಿಯುತ್ತಿತ್ತು. ಮಾರುವವನು ಯಾರು, ಅವನ ಸಾಲವೆಷ್ಟು, ಆ ಬೋಟು ಎಂದು ಯಾವ ಬಂಡೆಗೆ ತಗುಲಿತ್ತು ಎಂಬುದೆಲ್ಲ ಊರಿಗೇ ತಿಳಿದಿರುತ್ತಿತ್ತು. ಈಗ ಬೋಟು ಮೊಬೈಲ್ ಪರದೆಯ ಮೇಲೆ ಬಂದು ನಿಂತಿದೆ. ಹತ್ತು ಚಿತ್ರಗಳು, ಒಂದು ಕನಿಷ್ಠ ಬೆಲೆ, ಹರಾಜು ಮುಗಿಯಲು ಉಳಿದಿರುವ ಗಂಟೆ ನಿಮಿಷಗಳು. ಊರಿಗೆ ಗೊತ್ತಿದ್ದ ಆ ಮಿಕ್ಕ ಸಂಗತಿಗಳು ಮಾತ್ರ ಪರದೆಯ ಮೇಲಿಲ್ಲ.

ಕಳೆದ ಹಂಗಾಮಿನಲ್ಲಿ ಇಂಥದೊಂದು ಪ್ರಕಟಣೆಯನ್ನು ಹಿಡಿದುಕೊಂಡು ನಮ್ಮ ಪರಿಚಿತರೊಬ್ಬರು ಮನೆಗೆ ಬಂದಿದ್ದರು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಈ ನಗರದಲ್ಲಿ ದುಡಿದು ನಿವೃತ್ತರಾದವರು. ಊರಿನಲ್ಲಿ ಅವರ ಸೋದರಳಿಯ ಬೇರೊಬ್ಬರ ಬೋಟಿನಲ್ಲಿ ತಾಂಡೇಲನಾಗಿದ್ದಾನೆ. ಅವನಿಗೊಂದು ಸ್ವಂತ ಬೋಟು ಮಾಡಿಕೊಡಬೇಕೆಂಬುದು ಮಾವನ ಬಹುದಿನದ ಆಸೆ. ಹರಾಜಿಗಿದ್ದುದು ಮಹಾರಾಷ್ಟ್ರದ ಬಂದರೊಂದರಲ್ಲಿ ನಿಂತಿದ್ದ ಟ್ರಾಲ್ ಬೋಟು. ಮಾಲಿಕರೇ ಖಾಸಗಿ ಜಾಲತಾಣವೊಂದರ ಮೂಲಕ ಮಾರಾಟಕ್ಕಿಟ್ಟಿದ್ದರು. ಬೆಲೆ ಹೊಸ ಬೋಟಿನ ಕಾಲು ಭಾಗಕ್ಕಿಂತಲೂ ಕಡಿಮೆ. "ಹೇಗೂ ನೀವು ಬ್ಯಾಂಕಿನವರು, ಹರಾಜು ನಿಮಗೆ ಹೊಸತಲ್ಲ, ಒಮ್ಮೆ ನೋಡಿ ಹೇಳಿ ಮಾರಾಯ್ರೆ" ಎಂದರು. ತೊಡಗಿಸಲು ಹೊರಟಿದ್ದುದು ಗ್ರಾಚ್ಯುಟಿಯ ಹಣ.

ಹರಾಜು ನಮಗೆ ಹೊಸತಲ್ಲವೆಂಬುದು ನಿಜ. ಸಾಲ ತೀರದ ಮನೆ, ಅಂಗಡಿ, ಕಾರ್ಖಾನೆಗಳನ್ನು ಬ್ಯಾಂಕುಗಳು 2002ರ ಸರ್ಫೇಸಿ ಕಾಯಿದೆಯನ್ವಯ ಮಾರುತ್ತಾ ಬಂದಿವೆ. ಸಾರ್ವಜನಿಕ ಬ್ಯಾಂಕುಗಳ ಇಂಥ ಆಸ್ತಿಗಳನ್ನು ಒಂದೆಡೆ ತೋರಿಸುವ 'ಬ್ಯಾಂಕ್‌ನೆಟ್' ಎಂಬ ತಾಣ 2025ರ ಜನವರಿಯಲ್ಲಿ ಆರಂಭಗೊಂಡಿತು. ಆದರೆ ಬೋಟಿನ ವಿಚಾರ ಬಂದಾಗ ನಮ್ಮ ಈ ಅನುಭವ ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೆ ಕಾರಣವೂ ಆ ಕಾಯಿದೆಯಲ್ಲೇ ಇದೆ. ಅದರ 31ನೆಯ ಕಲಮು ವಿಮಾನ ಹಾಗೂ ಹಡಗುಗಳ ಮೇಲಿನ ಭದ್ರತೆಯನ್ನು ಕಾಯಿದೆಯ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಹಡಗು ಎಂದರೇನು ಎಂಬುದಕ್ಕೆ ಅದು ಆಧರಿಸಿದ 1958ರ ವಾಣಿಜ್ಯ ನೌಕಾ ಕಾಯಿದೆಯ ವ್ಯಾಖ್ಯೆಯಲ್ಲಿ ಬೋಟೂ ಸೇರಿತ್ತು. (ಆ ಹಳೆಯ ಕಾಯಿದೆಗೆ ಬದಲಾಗಿ 2025ರಲ್ಲಿ ಸಂಸತ್ತು ಹೊಸದೊಂದನ್ನು ಅಂಗೀಕರಿಸಿದೆ.) ಅಂದರೆ ಫ್ಲ್ಯಾಟಿಗೆ ನೋಟೀಸು ಅಂಟಿಸಿ ಬೀಗ ಹಾಕಿದಂತೆ ಬೋಟಿಗೆ ಹಾಕಲು ಬರುವುದಿಲ್ಲ. ಮನೆಯ ಹರಾಜನ್ನು ಬಲ್ಲವರು ಬೋಟಿನ ಹರಾಜನ್ನೂ ಬಲ್ಲೆವೆಂದುಕೊಳ್ಳುವುದು ಮೊದಲ ತಪ್ಪು. ಆ ತಪ್ಪನ್ನು ಅಂದು ಮೊದಲ ಹತ್ತು ನಿಮಿಷ ನಾವೂ ಮಾಡಿದೆವು.

ಎರಡಕ್ಕೂ ಸಮಾನವಾದುದು ಒಂದು ವಾಕ್ಯ. ಯಾವ ಹರಾಜಿನ ಪ್ರಕಟಣೆಯಲ್ಲೂ ಅದು ಕೊನೆಯಲ್ಲಿ, ಸಣ್ಣಕ್ಷರದಲ್ಲಿ ಇರುತ್ತದೆ: 'ಆ್ಯಸ್ ಈಸ್ ವೇರ್ ಈಸ್'. ಇದ್ದಲ್ಲಿ, ಇದ್ದ ಹಾಗೆ, ಇದ್ದಷ್ಟು. ಮನೆಯ ಮಟ್ಟಿಗೆ ಇದರ ಅರ್ಥ ಗೋಡೆ ಸೋರುತ್ತಿದ್ದರೆ ನಿಮ್ಮ ಹಣೆಬರಹ ಎಂದಷ್ಟೇ. ಬೋಟಿನ ಮಟ್ಟಿಗೆ ಒಂದೊಂದು ಪದವೂ ದುಬಾರಿ. 'ಇದ್ದ ಹಾಗೆ' ಎಂದರೆ ನೀರಿನ ಕೆಳಗಿರುವ, ಚಿತ್ರದಲ್ಲಿ ಕಾಣದ ತಳ. ಮರದ ಬೋಟಾದರೆ ಹುಳು ತಿಂದಿರಬಹುದು, ಉಕ್ಕಿನದಾದರೆ ತಗಡು ತುಕ್ಕಿನಿಂದ ತೆಳುವಾಗಿರಬಹುದು, ಫೈಬರಿನದಾದರೆ ಪದರಗಳೊಳಗೆ ನೀರಿಳಿದಿರಬಹುದು. ದಡಕ್ಕೆಳೆದು ತಟ್ಟಿ ನೋಡದೆ ಇದು ತಿಳಿಯುವಂಥದಲ್ಲ. 'ಇದ್ದಲ್ಲಿ' ಎಂದರೆ ಆ ಬಂದರಿನಿಂದ ನಿಮ್ಮ ಊರಿಗೆ ತರುವ ವೆಚ್ಚ, ಅಲ್ಲಿಯ ಬಾಡಿಗೆ, ದಾರಿಯ ಅಪಾಯ. ಎಂಜಿನು ಓಡದಿದ್ದರೆ ಎಳೆದು ತರುವ ಇನ್ನೊಂದು ಬೋಟಿನ ಡೀಸೆಲು.

ಮಾರುವವರ ಷರತ್ತು ಎಷ್ಟು ಗಟ್ಟಿಯಾಗಿರುತ್ತದೆಂಬುದನ್ನು ಮುಂಬಯಿಯವರಾದ ನಾವು ಕಣ್ಣೆದುರೇ ಕಂಡಿದ್ದೇವೆ. 2017ರ ಮಾರ್ಚಿಯಲ್ಲಿ ನೌಕಾಪಡೆಯಿಂದ ನಿವೃತ್ತಗೊಂಡ ವಿಮಾನವಾಹಕ ನೌಕೆ ಐಎನ್‌ಎಸ್ ವಿರಾಟ್ 2020ರಲ್ಲಿ ಮಾರಾಟವಾದದ್ದು ಸರಕಾರಿ ಸ್ವಾಮ್ಯದ ಎಂಎಸ್‌ಟಿಸಿಯ ಅಂತರ್ಜಾಲ ಹರಾಜಿನಲ್ಲೇ. ಬೆಲೆ 38.54 ಕೋಟಿ ರೂಪಾಯಿ. ಕೊಂಡವರು ಗುಜರಾತಿನ ಅಲಂಗ್‌ನ ಹಡಗು ಒಡೆಯುವವರು. ನೌಕೆ ಅಲಂಗ್ ತಲುಪಿದ ಮೇಲೆ ಅದನ್ನು ವಸ್ತುಸಂಗ್ರಹಾಲಯವಾಗಿಸಲು ಇನ್ನೊಂದು ಸಂಸ್ಥೆ ಮುಂದೆ ಬಂದಿತು. ಸರ್ವೋಚ್ಚ ನ್ಯಾಯಾಲಯ 2021ರ ಫೆಬ್ರವರಿಯಲ್ಲಿ ತಡೆಯಾಜ್ಞೆಯನ್ನೂ ನೀಡಿತು. ಏಪ್ರಿಲ್‌ನಲ್ಲಿ ಅರ್ಜಿ ವಜಾ ಆಯಿತು; ಅಷ್ಟರಲ್ಲಿ ನೌಕೆಯ ಸುಮಾರು ಶೇ. 40ರಷ್ಟು ಭಾಗ ಒಡೆದಾಗಿತ್ತು. ಒಡೆಯಲೆಂದು ಮಾರಿದ್ದನ್ನು ಒಡೆಯಲೇಬೇಕಾಯಿತು. ಸರಕಾರಿ ಇಲಾಖೆಗಳು 'ನಿರುಪಯುಕ್ತ'ವೆಂದು ಹರಾಜಿಗಿಡುವ ಗಸ್ತು ಬೋಟುಗಳ ಚಿತ್ರ ಕಂಡು ಆಸೆಪಡುವವರು ಮೊದಲು ನೋಡಬೇಕಾದುದು, ಅದನ್ನು ಓಡಿಸಲು ಮಾರುತ್ತಿದ್ದಾರೋ ಗುಜರಿಗೆ ಮಾರುತ್ತಿದ್ದಾರೋ ಎಂಬುದನ್ನು.

ಇಷ್ಟೆಲ್ಲ ಕಣ್ಣಿಗೆ ಕಾಣುವ, ಕೈಗೆ ಸಿಗುವ ಸಂಗತಿಗಳು. ಬೋಟಿನ ವಿಚಾರದಲ್ಲಿ ನಿಜವಾದ ಭಯವಿರುವುದು ಕಾಣದ ಸಾಲದಲ್ಲಿ.

ವಿಜಯ ಮಲ್ಯರ 'ಇಂಡಿಯನ್ ಎಂಪ್ರೆಸ್' ಎಂಬ 95 ಮೀಟರ್ ಉದ್ದದ ವಿಹಾರ ನೌಕೆಯನ್ನು ಅನೇಕರು ನೆನಪಿಟ್ಟುಕೊಂಡಿರಬಹುದು. ನಮ್ಮ ಬ್ಯಾಂಕುಗಳು ಸಾವಿರಾರು ಕೋಟಿಗಾಗಿ ಅವರ ಬೆನ್ನು ಹತ್ತಿದ್ದ ಕಾಲದಲ್ಲಿ, 2018ರ ಮಾರ್ಚಿಯಲ್ಲಿ, ಮಾಲ್ಟಾದಲ್ಲಿ ಆ ನೌಕೆಯನ್ನು ತಡೆದು ನಿಲ್ಲಿಸಿದವರು ಬ್ಯಾಂಕಿನವರಲ್ಲ. ತಿಂಗಳುಗಟ್ಟಲೆ ಸಂಬಳ ಕಾಣದ ಅದರ ನಾವಿಕರು. ನಾಟಿಲಸ್ ಇಂಟರ್‌ನ್ಯಾಷನಲ್ ಎಂಬ ಅವರ ಕಾರ್ಮಿಕ ಸಂಘಟನೆ ಬೆಂಬಲಕ್ಕಿತ್ತು. ಬಾಕಿಯಿದ್ದ ವೇತನ ಹತ್ತು ಲಕ್ಷ ಡಾಲರಿಗೂ ಹೆಚ್ಚು. ನ್ಯಾಯಾಲಯದ ಮೂಲಕ ನೌಕೆ ಹರಾಜಾಯಿತು. ಮೊದಲ ಹರಾಜಿನಲ್ಲಿ 4.35 ಕೋಟಿ ಯೂರೋ ಕೂಗಿದವರು ಹಣ ಕಟ್ಟಲಿಲ್ಲ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಮತ್ತೆ ಹರಾಜು ಮಾಡಿದಾಗ ಬಂದದ್ದು 3.5 ಕೋಟಿ ಯೂರೋ.

ಮನೆಯ ಮಾಲಿಕ ಕಾವಲುಗಾರನಿಗೆ ಸಂಬಳ ಕೊಡದಿದ್ದರೆ ಕಾವಲುಗಾರ ಮನೆಯನ್ನೇ ಹಿಡಿದು ಹರಾಜಿಗೆ ತರಲಾರ. ಹಡಗಿನ ನಾವಿಕ ತರಬಲ್ಲ. ಸಮುದ್ರ ಕಾನೂನಿನಲ್ಲಿ ಸಾಲಗಾರ ಮಾಲಿಕನಷ್ಟೇ ಅಲ್ಲ, ಹಡಗೂ ಹೌದು. ನಮ್ಮ ದೇಶದಲ್ಲಿ 2018ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ 2017ರ ಅಡ್ಮಿರಾಲ್ಟಿ ಕಾಯಿದೆ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ನಾವಿಕರ ವೇತನ, ಪ್ರಾಣಹಾನಿ ಹಾಗೂ ಗಾಯದ ಪರಿಹಾರ, ಅಪಾಯದಲ್ಲಿದ್ದ ಹಡಗನ್ನು ಉಳಿಸಿದವರ ಹಕ್ಕು, ಬಂದರಿನ ಬಾಕಿ ಮುಂತಾದವು ಹಡಗಿನ ಮೈಗೇ ಅಂಟಿಕೊಳ್ಳುವ ಋಣಗಳು. ಇವುಗಳಲ್ಲಿ ಮೊದಲ ಸ್ಥಾನ ವೇತನಕ್ಕೆ. ಮಾಲಿಕ ಬದಲಾದರೂ, ನೋಂದಣಿ ಬದಲಾದರೂ ಋಣ ಬದಲಾಗದು. ಸಾಮಾನ್ಯವಾಗಿ ಒಂದು ವರ್ಷಕ್ಕೆ ಅದು ನಶಿಸುತ್ತದೆ. ವೇತನದ ಋಣ ಮಾತ್ರ ಎರಡು ವರ್ಷ ಬದುಕಿರುತ್ತದೆ. ಕಾಯಿದೆಯ ವ್ಯಾಖ್ಯೆಯಲ್ಲಿ ಬೋಟೂ ಬರುತ್ತದೆ, ಬಾರ್ಜೂ ಬರುತ್ತದೆ. ಬ್ಯಾಂಕಿನ ನೋಂದಾಯಿತ ಅಡಮಾನದ ಸರದಿ ಈ ಋಣಗಳ ನಂತರ. ಬ್ಯಾಂಕಿನ ಅನ್ನ ಉಂಡ ನಮಗೆ ಇದು ಮೊದಲು ರುಚಿಸಲಿಲ್ಲ. ಸಂಬಳವಿಲ್ಲದೆ ನಡುನೀರಿನಲ್ಲಿ ಕೆಲಸ ಮಾಡಿದವನ ಸರದಿ ಮೊದಲು ಬರಬೇಕೆಂಬುದನ್ನು ಅಲ್ಲಗಳೆಯಲೂ ಆಗಲಿಲ್ಲ.

ಈ ಋಣ ಯಾವ ಕಡತದಲ್ಲೂ ಕಾಣುವುದಿಲ್ಲ ಎಂಬುದೇ ಕೊಳ್ಳುವವನ ಸಂಕಟ. ಬೋಟಿನ ನೋಂದಣಿ ಪುಸ್ತಕ ನೋಡಬಹುದು, ಸಾಲ ಕೊಟ್ಟವರಿಂದ ತೀರುವಳಿ ಪತ್ರ ಕೇಳಬಹುದು. ಕಲಾಸಿಗಳಿಗೆ ಆರು ತಿಂಗಳ ಸಂಬಳ ಕೊಡಬೇಕಾಗಿದೆಯೆಂದು ಯಾವ ನೋಂದಣಿಯೂ ಹೇಳದು.

ಇದರಿಂದ ಪಾರಾಗುವ ಒಂದು ದಾರಿಯೂ ಅದೇ ಕಾಯಿದೆಯಲ್ಲಿದೆ. ಉಚ್ಚ ನ್ಯಾಯಾಲಯವೇ ಈ ಕಾಯಿದೆಯನ್ವಯ ಹಡಗನ್ನು ಮಾರಿದರೆ, 8ನೆಯ ಕಲಮಿನ ಪ್ರಕಾರ, ಕೊಂಡವನಿಗೆ ಅದು ಎಲ್ಲ ಋಣಗಳಿಂದ ಮುಕ್ತವಾಗಿ ಸಿಗುತ್ತದೆ. ಹಕ್ಕುದಾರರು ಹಡಗನ್ನು ಬಿಟ್ಟು ಮಾರಾಟದ ಹಣದ ಹತ್ತಿರ ಸಾಲು ನಿಲ್ಲಬೇಕು. ಮುಂಬಯಿಯಲ್ಲಿ ಇಂಥ ಹಡಗುಗಳನ್ನು ವಶಪಡಿಸಿಕೊಂಡು ಹರಾಜು ಹಾಕುವುದು ಶೆರಿಫ್ ಕಚೇರಿ. ಹಿಂದೆ ಈ ಅಧಿಕಾರ ಮುಖ್ಯವಾಗಿ ಮುಂಬಯಿ, ಕಲ್ಕತ್ತ, ಮದರಾಸಿನ ಉಚ್ಚ ನ್ಯಾಯಾಲಯಗಳ ಸೊತ್ತಾಗಿತ್ತು. 2017ರ ಕಾಯಿದೆ ಅದನ್ನು ಕರ್ನಾಟಕವೂ ಸೇರಿದಂತೆ ಇತರ ಕರಾವಳಿ ರಾಜ್ಯಗಳಿಗೆ ವಿಸ್ತರಿಸಿದೆ. ಮಾಲಿಕ ಕಂಪನಿಯೇ ದಿವಾಳಿಯಾದರೆ ಹಡಗಿನ ಮೇಲಿನ ಹಕ್ಕು ಏನಾಗುತ್ತದೆಂಬ ತೊಡಕಿನ ಪ್ರಶ್ನೆಯನ್ನು ಮುಂಬಯಿ ಉಚ್ಚ ನ್ಯಾಯಾಲಯ 2020ರ ಮೇ ತಿಂಗಳ ತೀರ್ಪಿನಲ್ಲಿ ವಿವರವಾಗಿ ಚರ್ಚಿಸಿದೆ. ಆ ಪ್ರಕರಣದಲ್ಲಿದ್ದ ಬಾರ್ಜಿನ ಹೆಸರು 'ಮಧ್ವ' ಎಂಬುದನ್ನು ಕಂಡು ಉಡುಪಿಯ ಕಡೆಯವರಾದ ನಮಗೆ ಸಣ್ಣ ಅಚ್ಚರಿಯಾದದ್ದುಂಟು.

ಸರಕಾರವೇ ಮಾರಿದರೂ ನಿಶ್ಚಿಂತೆಯಿಂದ ಇರುವಂತಿಲ್ಲ ಎಂಬುದಕ್ಕೆ ಕೆರಿಬಿಯನ್ ದ್ವೀಪರಾಷ್ಟ್ರ ಆಂಟಿಗುವಾದ ನಿದರ್ಶನವಿದೆ. ಅಲ್ಲಿ ಬಿಟ್ಟುಹೋದಂತಿದ್ದ 'ಆಲ್ಫಾ ನೀರೋ' ಎಂಬ ವಿಹಾರ ನೌಕೆಯನ್ನು ಸರಕಾರ ವಿಶೇಷ ಕಾನೂನು ಮಾಡಿ 2023ರ ಜೂನ್‌ನಲ್ಲಿ ಹರಾಜಿಗಿಟ್ಟಿತು. ಗೂಗಲ್‌ನ ಮಾಜಿ ಮುಖ್ಯಸ್ಥ ಎರಿಕ್ ಶ್ಮಿಟ್ 6.76 ಕೋಟಿ ಡಾಲರ್ ಕೂಗಿ ಗೆದ್ದರು. ಅಷ್ಟರಲ್ಲಿ ನೌಕೆ ತಮ್ಮದೆಂದು ಇನ್ನೊಬ್ಬರು ನ್ಯಾಯಾಲಯಕ್ಕೆ ಹೋದರು. ವಕೀಲರ ಪಡೆಯನ್ನೇ ಇಟ್ಟುಕೊಳ್ಳಬಲ್ಲ ಶ್ಮಿಟ್ ಕೆಲವು ತಿಂಗಳು ಕಾದು ಹಿಂದೆ ಸರಿದರು. 2024ರ ಜುಲೈಯಲ್ಲಿ ನೌಕೆ ಮಾರಾಟವಾದದ್ದು 4 ಕೋಟಿ ಡಾಲರಿಗೆ.

ಕಾದರೆ ಬೆಲೆ ಇಳಿಯುತ್ತದೆಯಲ್ಲವೇ ಎಂದು ನಮ್ಮ ಪರಿಚಿತರು ಕೇಳಿದ್ದರು. ಇಳಿಯುತ್ತದೆ. ವಿಲೆಪಾರ್ಲೆಯ 'ಕಿಂಗ್‌ಫಿಶರ್ ಹೌಸ್' ಕಟ್ಟಡಕ್ಕೆ 2016ರ ಮಾರ್ಚಿಯಲ್ಲಿ ಕನಿಷ್ಠ ಬೆಲೆ 150 ಕೋಟಿ ಇಟ್ಟಾಗ ಒಬ್ಬರೂ ಬರಲಿಲ್ಲ. ಹಲವು ಹರಾಜುಗಳ ಬಳಿಕ 2021ರಲ್ಲಿ ಅದು ಹೋದದ್ದು 52.25 ಕೋಟಿಗೆ. ಆದರೆ ಕಟ್ಟಡದ ಕೆಳಗೆ ಭೂಮಿಯಿತ್ತು, ಐದು ವರ್ಷದಲ್ಲಿ ಅದು ಎಲ್ಲಿಗೂ ಹೋಗಲಿಲ್ಲ. ಬೋಟಿನ ಕೆಳಗಿರುವುದು ಉಪ್ಪುನೀರು. ಐದು ವರ್ಷ ನಿಂತ ಬೋಟಿನಲ್ಲಿ ಹರಾಜಿಗೆ ಉಳಿಯುವುದು ಕಬ್ಬಿಣದ ತೂಕವಷ್ಟೆ.

ಮೊದಲು ಕೂಗಿ, ಆಮೇಲೆ ಯೋಚಿಸಿದರಾಯಿತೆನ್ನುವಂತೆಯೂ ಇಲ್ಲ. ಬ್ಯಾಂಕಿನ ಹರಾಜುಗಳಲ್ಲಿ ಗೆದ್ದವರು ಬೆಲೆಯ ಶೇ. 25ನ್ನು ಅಂದೇ ಅಥವಾ ಮರುದಿನದ ಕೆಲಸದ ವೇಳೆಯೊಳಗೆ ಕಟ್ಟಬೇಕು. ಉಳಿದುದನ್ನು ಕಟ್ಟದಿದ್ದರೆ ಆ ಶೇ. 25 ಮುಟ್ಟುಗೋಲಾಗುವುದು ಸರಿಯೆಂದು ಸರ್ವೋಚ್ಚ ನ್ಯಾಯಾಲಯ 2024ರ ಫೆಬ್ರವರಿಯಲ್ಲಿ ಹೇಳಿದೆ. ಖಾಸಗಿ ತಾಣಗಳಲ್ಲಿ ನಿಯಮ ಆಯಾ ತಾಣದ್ದು. ಠೇವಣಿ ಯಾರ ಖಾತೆಗೆ ಹೋಗುತ್ತದೆಂಬುದನ್ನು ಬೋಟಿನ ಚಿತ್ರಕ್ಕಿಂತ ಮೊದಲು ನೋಡಬೇಕು.

ಪರಿಚಿತರ ಬೋಟಿನ ವಿಷಯಕ್ಕೆ ಬರೋಣ. ಹರಾಜಿಗೆ ಇನ್ನೂ ಆರು ದಿನಗಳಿದ್ದವು. ಬೋಟು ಹೊರ ರಾಜ್ಯದ್ದಾದುದರಿಂದ ಅಲ್ಲಿಯ ನಿರಾಕ್ಷೇಪಣಾ ಪತ್ರ, ಕರ್ನಾಟಕದಲ್ಲಿ ಹೊಸ ನೋಂದಣಿ ಎರಡೂ ಬೇಕಿದ್ದವು. ನೋಂದಣಿಯಿಲ್ಲದ ಬೋಟಿಗೆ ತೆರಿಗೆ ರಿಯಾಯಿತಿಯ ಡೀಸೆಲು ಸಿಗದು, ಆ ಡೀಸೆಲಿಲ್ಲದೆ ಮೀನುಗಾರಿಕೆಯ ಲೆಕ್ಕ ಕೂಡಿಬಾರದು. 2008ರ ನವೆಂಬರಿನಲ್ಲಿ ಭಯೋತ್ಪಾದಕರು 'ಕುಬೇರ್' ಎಂಬ ಮೀನುಗಾರಿಕಾ ಬೋಟನ್ನು ಅಪಹರಿಸಿ ಈ ನಗರಕ್ಕೆ ಬಂದ ಮೇಲೆ ಬೋಟಿನ ಕಾಗದಪತ್ರಗಳನ್ನು ಯಾರೂ ಹಗುರವಾಗಿ ನೋಡುವುದಿಲ್ಲ. ಇವುಗಳ ಬಗೆಗೆ ಮಾಲಿಕರಿಗೆ ಬರೆದ ಮಿಂಚಂಚೆಗೆ "ಎಲ್ಲವೂ ಸರಿಯಿದೆ" ಎಂಬ ಒಂದು ಸಾಲಿನ ಉತ್ತರ ಬಂದಿತು.

ಕೊನೆಗೆ ಸೋದರಳಿಯನೇ ರೈಲು ಹತ್ತಿ ಬಂದರಿಗೆ ಹೋದ. ಎಂಜಿನು ಪರವಾಗಿಲ್ಲ, ತಳವನ್ನು ನೋಡಲು ಬಿಡಲಿಲ್ಲ ಎಂದು ಸಂಜೆ ಮಾವನಿಗೆ ಫೋನು ಮಾಡಿದ. ಬೋಟಿನ ಬಳಿ ಯಾರೂ ಇರಲಿಲ್ಲವೇ ಎಂದು ನಾವು ಕೇಳಿಸಿದೆವು. ಇದ್ದರು, ಹಳೆಯ ತಾಂಡೇಲ ಮತ್ತು ಇಬ್ಬರು ಕಲಾಸಿಗಳು. ಮಳೆಗಾಲದಲ್ಲಿ ಊರಿಗೆ ಹೋಗದೆ ಅಲ್ಲೇಕೆ ಕುಳಿತಿದ್ದಾರೆಂದು ವಿಚಾರಿಸಲು ಹೇಳಿದೆವು. ಮರುದಿನ ಬೆಳಿಗ್ಗೆ ಉತ್ತರ ಬಂತು: ಏಳು ತಿಂಗಳ ಸಂಬಳ ಬರಬೇಕಿದೆ, ಅದು ಬರುವವರೆಗೆ ಬೋಟು ಬಿಟ್ಟು ಕದಲುವುದಿಲ್ಲವಂತೆ. ಕೊಳ್ಳುವವನು ಕೊಡಲಿ ಎಂದು ಮಾಲಿಕ ಹೇಳಿದ್ದಾನಂತೆ.

ಪರಿಚಿತರು ಬಿಡ್ ಮಾಡಲಿಲ್ಲ. ಮೊನ್ನೆ ಅವರೇ ಕೊಂಡಿಯೊಂದನ್ನು ಕಳುಹಿಸಿದ್ದರು. ಅದೇ ಬೋಟು ಮತ್ತೆ ಹರಾಜಿಗೆ ಬಂದಿದೆ, ಕನಿಷ್ಠ ಬೆಲೆ ಇನ್ನಷ್ಟು ಇಳಿದಿದೆ. ಚಿತ್ರಗಳು ಮಾತ್ರ ಹಳೆಯವೇ. ಮೂರನೆಯದರಲ್ಲಿ, ಹಗ್ಗದ ರಾಶಿಯ ಪಕ್ಕದಲ್ಲಿ, ಬೆನ್ನು ಮಾಡಿ ಕುಳಿತ ಮೂವರು ಕಾಣುತ್ತಾರೆ. ಕಳೆದ ಸಲ ನಾವದನ್ನು ಗಮನಿಸಿರಲಿಲ್ಲ.